‘ಬೇಡ’ ಎನ್ನಲು ಒಬ್ಬರು

ಜನವರಿ 9

ಬ್ರೇಕು,

ಪತ್ರದ ಮೊದಲಿಗೆ ‘ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ’ ಎಂದು ಬರೆಯಬೇಕು. ನಾನು ಕ್ಷೇಮವಾಗಿಲ್ಲ. ನೀನು ಹೇಗಿದ್ದೀಯ ಎಂದು ಹನ್ನೊಂದು ವರ್ಷದಿಂದ ನಾನು ವಿಚಾರಿಸಿಯೇ ಇಲ್ಲ. ಆದ್ದರಿಂದ ಆ ಸಾಲನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ಫೋನ್ ಮಾಡಬಹುದಿತ್ತು. ಆದರೆ ಲಿಫ್ಟಿನ ಮೋಟರ್ ಕೋಣೆಗಳಲ್ಲಿ ಮೂವತ್ತು ವರ್ಷ ಕಳೆದು ನಿನ್ನ ಕಿವಿ ಪೂರ್ತಿ ಹೋಗಿದೆ, ಫೋನಿನಲ್ಲಿ ಏನು ಹೇಳಿದರೂ ‘ಹೂಂ’ ಅನ್ನುತ್ತೀಯ ಎಂದು ಯಾರೋ ಹೇಳಿದರು. ನಾನು ಕೇಳಬೇಕಾಗಿರುವುದಕ್ಕೆ ನೀನು ಕೇಳಿಸಿಕೊಳ್ಳದೆಯೇ ‘ಹೂಂ’ ಅಂದುಬಿಟ್ಟರೆ ಇಬ್ಬರಿಗೂ ಕಷ್ಟ.

ವಿಷಯ ಇದು. ಕಿಡ್ನಿಯಲ್ಲಿ ಶುರುವಾದ ಕ್ಯಾನ್ಸರ್ ಮೂಳೆಗೆ ಇಳಿದಿದೆ. ಇಲ್ಲಿಯ ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ ಎಂಟು ಹಾಸಿಗೆಯ ವಾರ್ಡೊಂದಿದೆ, ಪ್ಯಾಲಿಯೇಟಿವ್ ವಾರ್ಡ್ ಎಂದು ಬೋರ್ಡು. ಗುಣ ಮಾಡಲು ಇನ್ನೇನೂ ಉಳಿಯದವರ ನೋವನ್ನು ಕಡಿಮೆ ಮಾಡುವ ಜಾಗ. ಮೊದಲ ದಿನ ಡಾಕ್ಟರಮ್ಮ ಇದನ್ನು ಬಹಳ ಸುತ್ತಿ ಬಳಸಿ ಹೇಳಿದರು. ‘ಅಂದ್ರೆ ಅಳಿಯ ಅಲ್ಲ, ಮಗಳ ಗಂಡ’ ಎಂದೆ. ನಕ್ಕುಬಿಟ್ಟರು. ಆಮೇಲಿಂದ ನೇರವಾಗಿ ಮಾತಾಡುತ್ತಾರೆ, ಅದೂ ನಿಂತುಕೊಂಡಲ್ಲ, ಹಾಸಿಗೆಯ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು. ಹದಿನೈದು ದಿನಕ್ಕೊಮ್ಮೆ ಬಂದು ಹೋಗುತ್ತೇನೆ, ನೋವು ಹೆಚ್ಚಾದಾಗ ಇಲ್ಲೇ ಮಲಗುತ್ತೇನೆ. ಇಲ್ಲಿಯ ಲಿಫ್ಟು ನೆಲಕ್ಕಿಂತ ಅರ್ಧ ಇಂಚು ಕೆಳಗೆ ನಿಲ್ಲುತ್ತದೆ, ಗಾಲಿಕುರ್ಚಿ ದಡಕ್ ಅನ್ನುತ್ತದೆ. ರಿಪೇರಿಯವರಿಗೆ ಮೂರು ಸಲ ಹೇಳಿದ್ದೇನೆ.

ಡಾಕ್ಟರು ಒಂದು ಕಾಗದ ಕೊಟ್ಟಿದ್ದಾರೆ. ಮುಂದೆ ನನಗೆ ಮಾತು ನಿಂತರೆ, ಅಥವಾ ಬುದ್ಧಿ ಕೈಕೊಟ್ಟರೆ, ನನ್ನ ಪರವಾಗಿ ‘ಇದು ಬೇಕು, ಇದು ಬೇಡ’ ಎನ್ನುವವರು ಯಾರು ಎಂದು ಅದರಲ್ಲಿ ಬರೆಯಬೇಕು. ಎರಡು ದಿನ ಪೆನ್ನು ಹಿಡಿದು ಕೂತಿದ್ದೆ. ಮೂರನೆಯ ದಿನ ನಿನ್ನ ಹೆಸರು ಬರೆದೆ.

ನಿನ್ನ ಸಹಿ ಇಲ್ಲದೆ ಅದು ನಡೆಯುವುದಿಲ್ಲ. ನಿನ್ನ ಕೈಯಿಂದ ಸಹಿ ಹಾಕಿಸುವುದು ಎಂಥ ಕೆಲಸವೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ, ನಿನಗೆ ಬ್ರೇಕು ಎಂದು ಹೆಸರಿಟ್ಟವನೇ ನಾನು. ಆದರೂ ಕಾಗದವನ್ನು ಜೊತೆಗಿಟ್ಟಿದ್ದೇನೆ. ಬೈಯುವುದಿದ್ದರೆ ಬೇಗ ಬೈ.

ಉದ್ದ

*

ಜನವರಿ 21

ಉದ್ದಣ್ಣನಿಗೆ,

ಪತ್ರ ತಲುಪಿತು. ಕಾಯಿಲೆಯ ವಿಷಯ ಓದಿ ಬೇಜಾರಾಯಿತು. ಇದಕ್ಕಿಂತ ಚೆನ್ನಾಗಿ ಬರೆಯಲು ನನಗೆ ಬರುವುದಿಲ್ಲ. ನಾಲ್ಕು ಸಲ ಬರೆದು ಹರಿದು ಹಾಕಿದ್ದೇನೆ.

ಕಿವಿಯ ವಿಷಯ ನಿಜ. ಎಲ್ಲದಕ್ಕೂ ‘ಹೂಂ’ ಅನ್ನುತ್ತೇನೆ ಎಂಬುದು ಸುಳ್ಳು, ನಮ್ಮ ಅಕ್ಕನಿಗೆ ಮಾತ್ರ. ಕೆಲಸ ಬಿಟ್ಟ ಮೇಲೆ ಅವಳ ಮನೆಯಲ್ಲಿದ್ದೇನೆ. ಅವಳಿಗೆ ‘ಹೂಂ’ ಅನ್ನದಿದ್ದರೆ ಊಟ ತಣ್ಣಗಾಗುತ್ತದೆ.

ಕಾಗದಕ್ಕೆ ಸಹಿ ಮಾಡಿಲ್ಲ. ನಿನಗೆ ಹೆಂಡತಿ ಇದ್ದಾರೆ. ಶಾಲೆಯಲ್ಲಿ ಅಷ್ಟು ವರ್ಷ ಗಣಿತ ಕಲಿಸಿದ ಟೀಚರು, ನನಗಿಂತ ಅವರ ತಲೆ ಹತ್ತು ಪಟ್ಟು ಚುರುಕು. ಮಗಳಿದ್ದಾಳೆ. ಅವರನ್ನೆಲ್ಲ ಬಿಟ್ಟು, ಮಾತು ಬಿಟ್ಟವನ ಹೆಸರು ಬರೆದಿದ್ದೀಯ. ಯಾಕೆಂದು ತಿಳಿಯದೆ ಸಹಿ ಮಾಡುವುದು ನನ್ನ ಅಭ್ಯಾಸವಲ್ಲ.

ಇನ್ನೊಂದು. ಏನನ್ನು ತಡೆಯಬೇಕು, ಏನನ್ನು ಬಿಡಬೇಕು ಎಂದು ನಿನ್ನ ಕಾಗದದಲ್ಲಿ ಒಂದು ಸಾಲೂ ಇಲ್ಲ. ಲಿಫ್ಟಿನ ತಪಾಸಣೆಗೇ ಇಪ್ಪತ್ತೆರಡು ಅಂಶಗಳ ಪಟ್ಟಿ ಇತ್ತು. ಮನುಷ್ಯನಿಗೆ ಒಂದೂ ಬೇಡವೆ? ನೋವು ಬಂದರೆ ಏನು ಮಾಡಬೇಕು, ಉಸಿರು ಕಟ್ಟಿದರೆ ಏನು, ಯಂತ್ರ ಹಾಕುತ್ತೇವೆ ಅಂದರೆ ಏನು, ಎಲ್ಲವನ್ನೂ ಬರೆದು ಕಳಿಸು. ಓದಿ ಆಮೇಲೆ ಹೇಳುತ್ತೇನೆ.

ಮೂಳೆ ನೋವಿಗೆ ಮೊಣಕಾಲಿನ ನಡುವೆ ದಿಂಬು ಇಟ್ಟುಕೊಂಡು ಮಲಗಬೇಕಂತೆ. ಅಕ್ಕ ಹೇಳಿದಳು.

ಬ್ರೇಕ್

*

ಫೆಬ್ರವರಿ 2

ಬ್ರೇಕು,

ದಿಂಬು ಇಟ್ಟೆ, ವಾಸಿ ಅನ್ನಿಸಿತು. ಅಕ್ಕನಿಗೆ ನನ್ನ ‘ಹೂಂ’ ತಿಳಿಸು.

ನಿನ್ನ ಪ್ರಶ್ನೆಗಳನ್ನು ಡಾಕ್ಟರಿಗೂ ತೋರಿಸಿದೆ. ಇಷ್ಟು ಸರಿಯಾಗಿ ಯಾರೂ ಕೇಳಿರಲಿಲ್ಲ ಎಂದರು. ನಿನಗೆ ಜಂಬ ಬರುವ ಮೊದಲೇ ಉತ್ತರ ಬರೆಯುತ್ತೇನೆ, ಬೇರೆ ಹಾಳೆಯಲ್ಲಿ ಪಟ್ಟಿಯನ್ನೂ ಮಾಡಿ ಜೊತೆಗಿಟ್ಟಿದ್ದೇನೆ.

ನೋವು ಬೇಡ. ಔಷಧಿಯಿಂದ ಮಂಪರು ಬಂದರೂ ಸರಿ, ನೋವು ಬೇಡ. ಈ ವಾರ್ಡಿಗೆ ಬರುವ ಮೊದಲು ಹನ್ನೆರಡು ದಿನ ಅದರ ಜೊತೆ ಇದ್ದೆ. ಒಂದು ದಿನ ಮನೆಯವಳು ನೀರು ತಂದಾಗ ಲೋಟವನ್ನು ಅವಳ ಕಡೆಗೇ ಎಸೆದೆ. ಅದು ಗೋಡೆಗೆ ಬಡಿಯಿತು. ಅವಳು ಬಗ್ಗಿ ನೆಲ ಒರೆಸಿದಳು. ಅಂಥ ಮನುಷ್ಯನಾಗಿ ಸಾಯಲು ನನಗೆ ಇಷ್ಟವಿಲ್ಲ.

ಉಸಿರಾಟದ ಯಂತ್ರ ಬೇಡ. ಸೂಜಿ, ರಕ್ತ ಪರೀಕ್ಷೆ, ಸ್ಕ್ಯಾನು ಇನ್ನು ಸಾಕು. ಹೋದ ವರ್ಷವೆಲ್ಲ ಅದೇ ಆಯಿತು. ನರ ಹುಡುಕಿ ಹುಡುಕಿ ಚುಚ್ಚುತ್ತಿದ್ದರು, ವರದಿ ಬರುತ್ತಿತ್ತು, ನಾನು ಮಾತ್ರ ಇದ್ದಲ್ಲೇ ಇರುತ್ತಿದ್ದೆ.

ಈಗ, ಯಾಕೆ ನೀನು ಎಂಬುದು. ಮನೆಯವಳಿಗೆ ‘ಬೇಡ’ ಅನ್ನಲು ಬರುವುದಿಲ್ಲ ಎಂದಲ್ಲ, ತರಗತಿಗೆ ನಲವತ್ತು ಮಕ್ಕಳಿಗೆ ಅಂದವಳು. ಆದರೆ ನನ್ನ ವಿಷಯದಲ್ಲಿ ಅಂದುಬಿಟ್ಟರೆ, ಬದುಕಿರುವಷ್ಟು ದಿನ ‘ಅಂದುಬಿಟ್ಟೆನಲ್ಲ’ ಎಂದು ಕೊರಗುತ್ತಾಳೆ. ನೀನಾದರೆ ಅಂದು, ಬಸ್ಸು ಹತ್ತಿ, ಮನೆಗೆ ಹೋಗಿ ಉಣ್ಣುತ್ತೀಯ. ಇದು ಬೈಗುಳವಲ್ಲ.

ಆ ಹನ್ನೆರಡು ಮಹಡಿಯ ಕಟ್ಟಡದ ಮಾತನ್ನೂ ಆಡಿಬಿಡುತ್ತೇನೆ. ಲಿಫ್ಟಿನ ಉಕ್ಕಿನ ಹಗ್ಗದ ಎಳೆ ಸವೆದಿದೆ, ಬದಲಾಯಿಸುವ ತನಕ ತಪಾಸಣೆಯ ಕಾಗದಕ್ಕೆ ಸಹಿ ಇಲ್ಲ ಎಂದು ನೀನು ಕೂತೆ. ಕಟ್ಟಡದವರು ಕೂಗಾಡಿದರು, ನಾನೂ ಕೂಗಾಡಿದೆ. ನೀನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದೆ. ಕೊನೆಗೆ ನಾನೇ ಸಹಿ ಹಾಕಿದೆ, ನೀನು ಪಾಲುದಾರಿಕೆ ಬಿಟ್ಟು ಟೂಲ್ ಬಾಕ್ಸ್ ಎತ್ತಿಕೊಂಡು ಹೊರಟುಹೋದೆ. ಲಿಫ್ಟು ಬೀಳಲಿಲ್ಲ. ನೀನು ಸುಮ್ಮನೆ ರಂಪ ಮಾಡಿದೆ ಎಂದು ಎಲ್ಲರೂ ಅಂದರು, ನಾನೂ ತಲೆಯಾಡಿಸಿದೆ. ಆದರೆ ಹಗ್ಗ ಬದಲಾಯಿಸುವ ತನಕ, ಒಂದೂವರೆ ವರ್ಷ, ದಿನಾ ಬೆಳಿಗ್ಗೆ ನಾನು ಆ ಬೀದಿಯಲ್ಲಿ ಹೋಗಿ, ಜನ ಒಳಗೆ ಹೊರಗೆ ಓಡಾಡುವುದನ್ನು ನೋಡಿಕೊಂಡೇ ಕೆಲಸಕ್ಕೆ ಹೋಗುತ್ತಿದ್ದೆ. ಇದನ್ನು ಯಾರಿಗೂ ಹೇಳಿಲ್ಲ. ತಪ್ಪು ನನ್ನದು.

ಸುತ್ತ ನಿಂತವರೆಲ್ಲ ಅಳುತ್ತಿರುವಾಗಲೂ ಬರೆದದ್ದನ್ನು ಬಿಡದವನೊಬ್ಬ ನನಗೆ ಬೇಕು. ನೀನಲ್ಲದೆ ಇನ್ಯಾರು?

ಉದ್ದ

*

ಫೆಬ್ರವರಿ 11

ಉದ್ದಣ್ಣ,

ಕಾಗದಕ್ಕೂ ಪಟ್ಟಿಗೂ ಸಹಿ ಮಾಡಿದ್ದೇನೆ. ಪಟ್ಟಿಯ ಒಂದು ಪ್ರತಿ ನನ್ನ ಹತ್ತಿರ ಇಟ್ಟುಕೊಂಡಿದ್ದೇನೆ.

ಟೀಚರಿಗೆ ನೀನೇ ಹೇಳು. ಇಂಥದ್ದು ಅವರಿಗೆ ಬೇರೆಯವರಿಂದ ತಿಳಿಯಬಾರದು.

ಹಗ್ಗದ ಮಾತಿಗೆ ಹನ್ನೊಂದು ವರ್ಷ ಕಾದೆ. ಸಿಟ್ಟು ಇಳಿದಿದೆ ಎಂದು ಬರೆಯುವ ಮೊದಲು ನಿಜವೋ ಸುಳ್ಳೋ ಎಂದು ಎರಡು ದಿನ ನೋಡಿಕೊಂಡೆ. ಇಳಿದಿದೆ.

ಬ್ರೇಕ್

*

ಮಾರ್ಚ್ 14

ಅಣ್ಣನವರಿಗೆ,

ಪಕ್ಕದ ಮನೆಯವರು ನಿಮ್ಮ ಊರಿಗೆ ಹೊರಟಿದ್ದಾರೆ. ಇದನ್ನು ಅವರ ಕೈಯಲ್ಲಿ ಕಳಿಸುತ್ತಿದ್ದೇನೆ, ಸಂಜೆಗೆ ನಿಮಗೆ ಸಿಗುತ್ತದೆ.

ಐದು ದಿನದಿಂದ ಇವರು ಸರಿಯಾಗಿ ಎಚ್ಚರವಾಗಿಲ್ಲ. ಜೋರಾಗಿ ಕೂಗಿದರೆ ಕಣ್ಣು ಬಿಡುತ್ತಾರೆ, ನೀರು ನೀರು ಅನ್ನುತ್ತಾರೆ, ಕುಡಿಸಿದರೆ ನನಗೆ ‘ಥ್ಯಾಂಕ್ಯೂ ಸಿಸ್ಟರ್’ ಅಂದು ಮತ್ತೆ ಮಲಗುತ್ತಾರೆ. ಮಗಳು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುತ್ತಾಳೆಂದು ನಿಮಗೆ ಗೊತ್ತಿರಬಹುದು. ಹಡಗು ದಡ ಮುಟ್ಟಿ ಅವಳು ಇಲ್ಲಿಗೆ ಬರುವುದು ಇಪ್ಪತ್ತೆರಡಕ್ಕೆ.

ಮಾರ್ಫಿನ್ ಸ್ವಲ್ಪ ಇಳಿಸಿ, ಒಂದು ಗಂಟೆಯಾದರೂ ಅಪ್ಪ ಮಗಳು ಮಾತಾಡಲಿ ಎಂದು ಡಾಕ್ಟರನ್ನು ಕೇಳಿದೆ. ಅವರಿಗೆ ಮುಜುಗರವಾಯಿತು. ‘ನಿಮಗೆ ಹೇಳಿರ್ತಾರೆ ಅಂದ್ಕೊಂಡಿದ್ದೆ’ ಎನ್ನುತ್ತಾ ಫೈಲಿನಿಂದ ಒಂದು ಕಾಗದ ತೆಗೆದರು. ಮೂವತ್ತಾರು ವರ್ಷ ಸಂಸಾರ ಮಾಡಿದವಳು, ನನ್ನ ಗಂಡನ ಪರವಾಗಿ ಮಾತಾಡುವ ಹಕ್ಕು ಯಾರಿಗಿದೆ ಎಂಬುದನ್ನು ಬಾಗಿಲ ಬಳಿ ನಿಂತು ಓದಿದೆ. ಅದರ ಕೆಳಗೆ ನಿಮ್ಮ ಸಹಿ ಇತ್ತು.

ನಿಮ್ಮ ಮೇಲೆ ಸಿಟ್ಟಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಇವರ ಮೇಲೂ ಇದೆ, ಆದರೆ ಮಲಗಿದವರನ್ನು ಎಬ್ಬಿಸಿ ಜಗಳವಾಡುವುದು ಹೇಗೆ?

ಇಳಿಸಬೇಕೋ ಬೇಡವೋ ನೀವು ಹೇಳಬೇಕಂತೆ. ಬನ್ನಿ.

ಟೀಚರ್

*

ಮಾರ್ಚ್ 17

ಅಕ್ಕಾ,

ಬಂದು ಎರಡು ದಿನವಾಯಿತು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಇಷ್ಟುದ್ದ ಪತ್ರವನ್ನು ನಿನಗೆ ಯಾವತ್ತೂ ಬರೆದಿಲ್ಲ. ಯಾರಿಗಾದರೂ ಹೇಳದಿದ್ದರೆ ಆಗುವುದಿಲ್ಲ ಅನ್ನಿಸಿತು.

ಉದ್ದ ಅರ್ಧಕ್ಕರ್ಧ ಇಳಿದುಹೋಗಿದ್ದಾನೆ. ಉದ್ದ ಮಾತ್ರ ಹಾಗೇ ಇದೆ, ಕಾಲು ಮಂಚದಿಂದ ಆಚೆ ಬಂದಿದೆ. ನನ್ನ ಗುರುತು ಹಿಡಿಯಲಿಲ್ಲ.

ಮೊದಲ ದಿನವೇ ಜಗಳವಾಯಿತು. ಔಷಧಿ ಇಳಿಸಿ ಎಂದು ಟೀಚರು ಕೇಳಿದರು. ನಾನು ಪಟ್ಟಿ ತೆಗೆದು, ಆಗುವುದಿಲ್ಲ ಎಂದೆ. ಅವರು ಕಿಟಕಿಯ ಕಡೆ ತಿರುಗಿ ನಿಂತರು. ಆಗ ಡಾಕ್ಟರಮ್ಮ, ಔಷಧಿ ಇಳಿಸುವುದು ಬೇಡ, ಒಂದು ರಕ್ತ ಪರೀಕ್ಷೆ ಮಾಡೋಣ ಎಂದರು. ಮೂರು ವಾರದಿಂದ ಔಷಧಿಯ ಪ್ರಮಾಣ ಬದಲಾಗಿಲ್ಲ, ಹಾಗಿರುವಾಗ ಈ ನಿದ್ದೆ ಈಗ ಯಾಕೆ ಬಂತು ಎಂದು ಅವರಿಗೆ ಅನುಮಾನ. ನಾನು ಪಟ್ಟಿ ನೋಡಿದೆ. ಸೂಜಿ, ರಕ್ತ ಪರೀಕ್ಷೆ ಸಾಕು ಎಂದು ಅವನ ಕೈಬರಹದಲ್ಲೇ ಇತ್ತು. ಅದಕ್ಕೂ ಆಗುವುದಿಲ್ಲ ಎಂದೆ. ಕೊಟ್ಟ ಮಾತು ಉಳಿಸಿಕೊಂಡೆ ಎಂದು ಎದೆ ಉಬ್ಬಿಸಿಕೊಂಡೇ ನಿಂತಿದ್ದೆ, ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಡಾಕ್ಟರು ಸಿಟ್ಟಾಗಲಿಲ್ಲ. ನನ್ನ ಕಿವಿಗೆ ಕೇಳುವಷ್ಟು ಹತ್ತಿರ ಬಂದು, ‘ಏನು ಬರ್ದಿದೆ ಅಂತ ನಾನೂ ಓದಬಲ್ಲೆ. ಅದನ್ನ ಬರೆಯೋವಾಗ ಅವರು ಯಾವುದಕ್ಕೆ ಹೆದರಿದ್ರು, ಅದು ನಿಮಗೆ ಗೊತ್ತಿರಬೇಕು. ಅದಕ್ಕೇ ತಾನೆ ನಿಮ್ಮ ಹೆಸರು ಬರೆದಿರೋದು?’ ಎಂದರು.

ಮೆಟ್ಟಿಲಿಳಿದು ಕೆಳಗೆ ಹೋಗಿ ಚಹಾ ತೆಗೆದುಕೊಂಡೆ, ಕುಡಿಯಲಿಲ್ಲ. ಅವನ ಪತ್ರವನ್ನು ಮತ್ತೆ ಓದಿದೆ. ವರದಿ ಬರುತ್ತಿತ್ತು, ನಾನು ಇದ್ದಲ್ಲೇ ಇರುತ್ತಿದ್ದೆ ಎಂದು ಬರೆದಿದ್ದ. ಅವನಿಗೆ ಸೂಜಿಯ ಭಯವಿರಲಿಲ್ಲ ಅಕ್ಕಾ, ಉಪಯೋಗವಿಲ್ಲದೆ ಚುಚ್ಚಿಸಿಕೊಂಡು ಸಾಕಾಗಿತ್ತು. ಅದೇ ಭಾರ, ಅದೇ ಮೋಟರ್, ಆದರೂ ಇದ್ದಕ್ಕಿದ್ದಂತೆ ಲಿಫ್ಟು ನಿಧಾನವಾದರೆ ನಾನು ಮೋಟರನ್ನು ಬಿಚ್ಚುತ್ತಿರಲಿಲ್ಲ. ಬೇರೆಲ್ಲೋ ಹಿಡಿಯುತ್ತಿದೆ ಎಂದು ಹುಡುಕುತ್ತಿದ್ದೆ. ಮೂವತ್ತು ವರ್ಷ ಕಬ್ಬಿಣಕ್ಕೆ ತೋರಿಸಿದ ಬುದ್ಧಿಯನ್ನು ಗೆಳೆಯನಿಗೆ ತೋರಿಸದೆ ಕೂತಿದ್ದೆ.

ಮೇಲೆ ಹೋಗಿ ಡಾಕ್ಟರನ್ನು ವಿವರವಾಗಿ ಕೇಳಿದೆ. ಈ ಕಾಯಿಲೆಯಲ್ಲಿ ಮೂಳೆಯ ಕ್ಯಾಲ್ಸಿಯಂ ರಕ್ತಕ್ಕೆ ಇಳಿದು ಹೀಗೆ ನಿದ್ದೆ, ಬಾಯಾರಿಕೆ, ಗಲಿಬಿಲಿ ಆಗುವುದುಂಟಂತೆ. ಅದೇ ಆಗಿದ್ದರೆ ಡ್ರಿಪ್ಪು, ಒಂದು ಇಂಜೆಕ್ಷನ್ನು, ಮೂರು ನಾಲ್ಕು ದಿನದಲ್ಲಿ ಏಳಬಹುದು. ಅಲ್ಲದಿದ್ದರೆ ಇನ್ನು ಮುಟ್ಟುವುದಿಲ್ಲ ಎಂದರು. ಆಗ ಟೀಚರನ್ನು ಕೇಳಿದೆ, ನೀವೇನಂತೀರಿ ಎಂದು. ಅಲ್ಲಿಯವರೆಗೆ ಅವರನ್ನು ನಾನು ಕೇಳಿಯೇ ಇರಲಿಲ್ಲ.

‘ನೋವಾಗದ ಹಾಗೆ ಎಬ್ಬಿಸೋಕಾದ್ರೆ ಎಬ್ಬಿಸಿ. ನೋವಾಗೋದಾದ್ರೆ ನನಗೆ ಅವರ ಮಾತು ಬೇಡ, ಮಲಗಿರ್ಲಿ’ ಎಂದರು.

ಅಕ್ಕಾ, ನಾನು ಅವರ ಎದುರು ನಿಂತು ಪಟ್ಟಿ ಓದಿದವನು.

ಸೂಜಿ ಚುಚ್ಚಿದಾಗ ಅವನು ಕೈ ಎಳೆದುಕೊಂಡ. ನಾನು ಹಿಡಿದುಕೊಂಡೆ. ಬೇಡ ಎಂದು ಬರೆದುಕೊಟ್ಟವನ ಕೈಯನ್ನು, ತಡೆಯುತ್ತೇನೆ ಎಂದು ಸಹಿ ಮಾಡಿದವನೇ ಹಿಡಿದುಕೊಂಡೆ. ಫಲಿತಾಂಶ ನಾಳೆ ಬರುತ್ತದೆ. ಬರುವ ತನಕ ನನಗೆ ಸಮಾಧಾನವಿಲ್ಲ.

ನಿನ್ನ ತಮ್ಮ

*

ಏಪ್ರಿಲ್ 5

ಬ್ರೇಕು,

ಬರೆದದ್ದನ್ನು ಬಿಡುವವನಲ್ಲ ಎಂದು ನಿನ್ನ ಹೆಸರು ಬರೆದರೆ, ಮೊದಲ ಸಲವೇ ಬಿಟ್ಟುಬಿಟ್ಟೆ. ನೀನು ಬಿಡದೆ ಇದ್ದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಬದುಕಿದೆ ಕಣೋ.

ಎದ್ದಾಗ ನೀನು ಎದುರಿಗಿದ್ದುದನ್ನು ನೋಡಿ, ಓಹೋ ನನಗೆ ಮಾತು ನಿಂತಿರಬೇಕು, ಅದಕ್ಕೇ ಇವನು ಬಂದಿದ್ದಾನೆ ಅಂದುಕೊಂಡೆ. ಹತ್ತು ನಿಮಿಷ ಬಾಯೇ ಬಿಡಲಿಲ್ಲ. ಆಮೇಲೆ ಹಸಿವಾಯಿತು, ಕೇಳಬೇಕಾಯಿತು. ನೀನು ಅತ್ತದ್ದನ್ನು ಯಾರಿಗೂ ಹೇಳುವುದಿಲ್ಲ. ವಾರ್ಡಿನ ಏಳು ಜನ ನೋಡಿದ್ದಾರೆ, ಅವರ ವಿಷಯ ನನಗೆ ಗೊತ್ತಿಲ್ಲ.

ನೀನು ಹೊರಟ ಮರುದಿನ ಮಗಳು ಬಂದಳು. ಆ ಒಂದು ಗಂಟೆಗಾಗಿ ನೀವೆಲ್ಲ ಅಷ್ಟು ಒದ್ದಾಡಿದಿರಲ್ಲ, ನಾವು ಏನು ಮಾತಾಡಿದೆವು ಗೊತ್ತೆ? ಅವಳ ಹಡಗಿನ ಪಂಪೊಂದು ಮತ್ತೆ ಮತ್ತೆ ಬಿಸಿಯಾಗುತ್ತದಂತೆ. ಬೇರಿಂಗು ಎಂದು ನಾನು, ಅಲ್ಲ ಎಂದು ಅವಳು. ಎರಡು ಗಂಟೆ ವಾದ ಮಾಡಿದೆವು. ಇಷ್ಟು ಸುಖ ನಾನು ಅನುಭವಿಸಿ ಬಹಳ ವರ್ಷವಾಗಿತ್ತು. ನೋವು ಒಂದು ಚೂರೂ ಇರಲಿಲ್ಲ. ಈಗ ಮನೆಯಲ್ಲಿದ್ದೇನೆ, ಅವಳು ಇನ್ನೂ ಇಲ್ಲೇ ಇದ್ದಾಳೆ.

ಮನೆಯವಳು ನಾಲ್ಕನೆಯ ದಿನ ಬೆಂಡೆತ್ತಿದಳು. ನಾನೇನೂ ಸುಳ್ಳು ಹೇಳಲಿಲ್ಲ, ಹೇಳಲಿಲ್ಲ ಅಷ್ಟೆ ಎಂದೆ. ‘ಉತ್ತರ ಪತ್ರಿಕೆ ಖಾಲಿ ಬಿಟ್ರೂ ಸೊನ್ನೇನೇ’ ಎಂದಳು. ನಿನ್ನ ಪತ್ರಗಳನ್ನೂ, ನಾನು ನಿನಗೆ ಏನು ಬರೆದೆ ಎಂಬುದನ್ನೂ ಎಲ್ಲ ಹೇಳಿಸಿಕೊಂಡಳು. ಈಗ ಹೊಸ ಕಾಗದದಲ್ಲಿ ಎರಡು ಹೆಸರಿವೆ, ನಿನ್ನದು, ಅವಳದು.

ಕ್ಯಾಲ್ಸಿಯಂ ಮತ್ತೆ ಏರುತ್ತದಂತೆ, ಒಂದು ತಿಂಗಳೋ ಒಂದೂವರೆಯೋ. ಮತ್ತೆ ಇಳಿಸಬಹುದು, ಆದರೆ ಸಲ ಸಲಕ್ಕೂ ಫಲ ಕಡಿಮೆ, ಅಷ್ಟರಲ್ಲಿ ಬೇರೆ ತೊಂದರೆಗಳೂ ಸೇರಿರುತ್ತವೆ. ಡಾಕ್ಟರು ಸ್ಟೂಲು ಎಳೆದುಕೊಂಡು ಇದನ್ನೆಲ್ಲ ಹೇಳಿದರು. ನಾನು ಯೋಚಿಸಿ ಹೇಳಿದ್ದೇನೆ, ಮುಂದಿನ ಸಲ ಎಬ್ಬಿಸಬೇಡಿ. ನೋವಿನ ಔಷಧಿ ಮಾತ್ರ ನಿಲ್ಲಕೂಡದು. ಎಚ್ಚರವಾಗಿದ್ದು, ಚಹಾ ಕುಡಿಯುತ್ತಾ, ಮನೆಯವಳ ಎದುರಿಗೇ ಹೇಳಿದ್ದು. ನಿನಗೆ ಊಹಿಸುವ ಕೆಲಸ ಇಲ್ಲ.

ಆದರೂ ಆ ದಿನ ಡಾಕ್ಟರು ಬಂದು ಕೇಳಿಯೇ ಕೇಳುತ್ತಾರೆ. ಯಾರಾದರೂ ಬಾಯಿಬಿಟ್ಟು ಹೇಳಬೇಕು. ಅದನ್ನು ನೀನು ಹೇಳು. ಎರಡು ಹೆಸರಿದ್ದರೂ ಅವಳಿಂದ ಹೇಳಿಸಬೇಡ.

ಉದ್ದ

*

ಏಪ್ರಿಲ್ 16

ಉದ್ದಣ್ಣ,

ಸರಿ. ನಾನೇ ಹೇಳುತ್ತೇನೆ.

‘ಬೇಡ’ ಅಂದು, ಬಸ್ಸು ಹತ್ತಿ, ಮನೆಗೆ ಹೋಗಿ ಉಣ್ಣುತ್ತೀಯ ಎಂದು ನೀನು ಬರೆದಿದ್ದೆ. ಫೆಬ್ರವರಿಯಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ನಿನ್ನ ಕೈ ಹಿಡಿದ ಮೇಲೆ ಅಷ್ಟು ಸುಲಭ ಅನ್ನಿಸುತ್ತಿಲ್ಲ. ಬಾಗಿಲು ಬಡಿದ ಸದ್ದು ನನಗೆ ಕೇಳುವುದಿಲ್ಲ, ಅಕ್ಕ ಬಾಗಿಲಿಗೆ ಎದ್ದು ಹೋದರೆ ನಿನ್ನ ಕಡೆಯ ಸುದ್ದಿಯೇ ಬಂತೆಂದು ನಾನೂ ಎದ್ದು ನಿಲ್ಲುತ್ತೇನೆ. ಆದರೂ ಹೇಳುತ್ತೇನೆ, ಚಿಂತೆ ಮಾಡಬೇಡ.

ಪಂಪಿನ ವಿಷಯ. ಬೇರಿಂಗು ಅಲ್ಲ. ಮಗಳು ಹೇಳಿದ್ದೇ ಸರಿ.

ಬ್ರೇಕ್

*

ಜೂನ್ 3

ಅಣ್ಣ,

ನೀವು ಹೋಗಿ ಎರಡು ವಾರವಾಯಿತು. ಒಂದು ಪತ್ರವೂ ಇಲ್ಲ. ಯಾಕೆಂದು ನನಗೆ ಗೊತ್ತು, ಆದ್ದರಿಂದ ನಾನೇ ಬರೆಯುತ್ತಿದ್ದೇನೆ.

ಮೇ ಹದಿನೈದರ ಬೆಳಿಗ್ಗೆ ವಾರ್ಡಿನಲ್ಲಿ ಇವರಿಗೆ ಮತ್ತೆ ಅದೇ ನಿದ್ದೆ, ಅದೇ ಬಾಯಾರಿಕೆ. ನಿಮ್ಮನ್ನು ಹೊರಡಿಸಲು ಮಗಳು ನಿಮ್ಮ ಅಕ್ಕನಿಗೆ ಫೋನ್ ಮಾಡಿದಳು. ಡಾಕ್ಟರು ಬಂದು ನೋಡಿ, ಕ್ಯಾಲ್ಸಿಯಂ ಏರಿರಬೇಕು, ಪರೀಕ್ಷೆ ಮಾಡೋದೋ ಬೇಡವೋ ಎಂದು ಕೇಳಿದರು. ಆಮೇಲೆ ಅವರೇ, ಅಣ್ಣನವರ ಬಸ್ಸು ಮಧ್ಯಾಹ್ನಕ್ಕೆ ಬರುತ್ತದೆ, ಬೇಕಿದ್ದರೆ ಅಲ್ಲಿಯವರೆಗೆ ಕಾಯೋಣ ಎಂದರು. ನಾನು ‘ಬೇಡ’ ಅಂದರೆ ಕೊರಗುತ್ತೇನೆ ಎಂದು ಇವರು ನಿಮಗೆ ಬರೆದದ್ದು ನನಗೆ ಗೊತ್ತಿತ್ತಲ್ಲ, ಒಂದು ಕ್ಷಣ ಕಾಯೋಣ ಅನ್ನಿಸಿದ್ದು ನಿಜ.

ಆಗ ಇವರ ಮುಖ ನೋಡಿದೆ. ಹುಬ್ಬು ಗಂಟಿಕ್ಕಿರಲಿಲ್ಲ, ಕೈ ಸಡಿಲವಾಗಿತ್ತು. ಲೋಟ ಎಸೆದ ದಿನದ ಮುಖವೂ ನನಗೆ ನೆನಪಿದೆ. ‘ಬೇಡ. ಮಲಗ್ಲಿ’ ಎಂದೆ. ಔಷಧಿಯನ್ನು ಇಳಿಸಲೂ ಇಲ್ಲ, ಏರಿಸಲೂ ಇಲ್ಲ. ಬಾಯಿ ಒಣಗಿದಾಗ ಮಗಳು ಹತ್ತಿಯಲ್ಲಿ ನೀರು ಒತ್ತುತ್ತಿದ್ದಳು. ನಾಲ್ಕನೆಯ ದಿನ ಬೆಳಿಗ್ಗೆ ಹೋದರಲ್ಲ, ನೀವೂ ಇದ್ದಿರಿ, ಅದನ್ನು ಬರೆಯಬೇಕಾಗಿಲ್ಲ.

ನೀವು ಆ ಮಧ್ಯಾಹ್ನ ಬಂದಾಗ ಕಾಗದ ಕೈಯಲ್ಲೇ ಇತ್ತು. ನಾನೇ ಹೇಳಿಯಾಯಿತು ಎಂದೆ. ನಿಮ್ಮ ಕಿವಿಗೆ ಕೇಳಲಿಲ್ಲ, ಇನ್ನೊಮ್ಮೆ ಹೇಳಬೇಕಾಯಿತು. ನೀವು ಬೆಂಚಿನ ಮೇಲೆ ಕೂತು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಿರಿ. ದುಃಖಕ್ಕೆ ಎಂದುಕೊಂಡೆ. ‘ಹಗುರಾಯ್ತು ಟೀಚರ್. ಅವನು ಹೀಗೆ ಮಲಗಿರೋವಾಗ ನನಗೆ ಹಗುರಾಯ್ತಲ್ಲ, ಛೀ’ ಎಂದಿರಿ. ಅದಾದ ಮೇಲೆ ನಾಲ್ಕು ದಿನ ನನ್ನ ಮುಖವನ್ನೇ ನೋಡಲಿಲ್ಲ, ಹೇಳದೆ ಬಸ್ಸು ಹತ್ತಿದಿರಿ.

ಛೀ ಅನ್ನುವಂಥದ್ದು ಅದರಲ್ಲಿ ಏನೂ ಇಲ್ಲ. ನನಗೂ ಹಗುರಾಯಿತು. ಅವರಿಗೆ ನೋವಾಗಲಿಲ್ಲ ಎಂದು ಹಗುರ, ಅವರು ಕೇಳಿದ್ದನ್ನು ನಡೆಸಿಕೊಟ್ಟೆವು ಎಂದು ಹಗುರ. ಮಗಳಿಗೆ ಹೇಳಿದೆ, ಅವಳಿಗೂ ಹಾಗೇ ಅನ್ನಿಸಿತಂತೆ. ಅಳು ಬೇರೆ, ಅದು ಬರುತ್ತದೆ ಹೋಗುತ್ತದೆ. ಎರಡೂ ಒಂದೇ ಮನೆಯಲ್ಲಿ ಜಗಳವಿಲ್ಲದೆ ಇವೆ.

ಇವರು ನಮ್ಮಿಬ್ಬರ ವಿಷಯದಲ್ಲೂ ತಪ್ಪು ತಿಳಿದಿದ್ದರು ಅಣ್ಣ. ನೀವು ‘ಬೇಡ’ ಅಂದು, ಬಸ್ಸು ಹತ್ತಿ, ಉಣ್ಣುವವರಲ್ಲ. ನಾನು ಅಂದು ಕೊರಗುವವಳಲ್ಲ. ಅಂದದ್ದು ತಪ್ಪೇ ಎಂದು ದಿನಾ ಬೆಳಿಗ್ಗೆ ಎದ್ದ ಕೂಡಲೇ ನನ್ನನ್ನೇ ಕೇಳಿಕೊಳ್ಳುತ್ತೇನೆ. ಇವತ್ತಿಗೆ ಹತ್ತೊಂಬತ್ತು ದಿನವಾಯಿತು, ಉತ್ತರ ಬದಲಾಗಿಲ್ಲ.

ಟೀಚರ್